ಸುಹಾನಾಳ ಫಿಟ್ಸು, ಪಕ್ಕದ ಮನೆಯ ಗುಟ್ಟು

ಸುಹಾನಾಳ ಮನೆಯ ಬಚ್ಚಲಿಗೆ ಚಿಲಕ ಇರಲಿಲ್ಲ. ಮೊದಲು ಇತ್ತು. ಅವಳ ತಂದೆ ಇಮಾಮಸಾಬ್ ಅದನ್ನು ಕಿತ್ತು ಹಾಕಿದ್ದ. ಹತ್ತೊಂಬತ್ತು ವರ್ಷದ ಹುಡುಗಿ ಸ್ನಾನಕ್ಕೆ ಹೋದರೆ ಬಾಗಿಲನ್ನು ಬರೀ ಎಳೆದುಕೊಳ್ಳಬೇಕು. ಹೊರಗೆ ತಾಯಿ ಖೈರುನ್ನೀಸಾ ಮಣೆ ಹಾಕಿಕೊಂಡು ಕೂರಬೇಕು. ಸುಮ್ಮನೆ ಕೂತರೆ ಆಗದು, ಮಾತಾಡುತ್ತಲೇ ಇರಬೇಕು.

"ಸಾಬೂನು ಹಚ್ಚಿದ್ಯಾ?"

"ಹ್ಞೂಂ."

"ತಲಿಗೆ ನೀರು ಹಾಕ್ಕೊಂಡ್ಯಾ?"

"ಹ್ಞೂಂ."

"ನಿಮ್ಮಣ್ಣ ಇವತ್ತೂ ಚಾ ಕುಡಿಲಾರದ ಹೋದ. ಕೇಳಿಸ್ತೇನು?"

"ಕೇಳಿಸ್ತು ಯವ್ವಾ. ಓಣಿಗೆಲ್ಲಾ ಕೇಳಿಸ್ತು."

ಹ್ಞೂಂ ಅನ್ನುವುದು ನಿಂತಿತೆಂದರೆ ಖೈರುನ್ನೀಸಾ ಬಾಗಿಲು ತಳ್ಳಿ ಒಳಗೆ ನುಗ್ಗುತ್ತಿದ್ದಳು. ಮಗಳು ನೆಲದ ಮೇಲೆ ಬಿದ್ದು ಕೈಕಾಲು ಸೆಟೆದುಕೊಂಡಿರುತ್ತಿದ್ದಳು.

ಸುಹಾನಾಳಿಗೆ ಎರಡು ವರ್ಷವಿದ್ದಾಗ, ಸಿರುಗುಪ್ಪ ತಾಲ್ಲೂಕಿನ ರಾರಾವಿಯಲ್ಲಿ, ತಾಯಿಯ ತವರುಮನೆಯಲ್ಲಿ, ಜ್ವರ ನೆತ್ತಿಗೇರಿ ಒಮ್ಮೆ ಫಿಟ್ಸ್ ಬಂದಿತ್ತು. ಬಹಳ ಹೊತ್ತಿನವರೆಗೆ ಅದು ನಿಲ್ಲಲೇ ಇಲ್ಲ. ಆಮೇಲೆ ಹುಡುಗಿ ಚೆನ್ನಾಗಿಯೇ ಇದ್ದಳು. ಎಂಟನೇ ತರಗತಿಯಲ್ಲಿ ಮತ್ತೆ ಶುರುವಾಯಿತು. ಸಾಲಿಯಲ್ಲಿ ಪ್ರಾರ್ಥನೆಗೆ ನಿಂತಾಗ ಬಿದ್ದಳು. ಮರುದಿನದಿಂದ ಸಾಲಿ ಬಿಟ್ಟಳು. ಬಿಟ್ಟಳು ಅನ್ನುವುದಕ್ಕಿಂತ ಬಿಡಿಸಿದರು. ಒಂದು ಗುಳಿಗೆ ನಡೆಯಲಿಲ್ಲ, ಎರಡನೆಯದು ಕೊಟ್ಟರು, ಎರಡನ್ನೂ ಸೇರಿಸಿ ಕೊಟ್ಟರು. ಹುಡುಗಿ ಒಂದು ದಿನವೂ ತಪ್ಪಿಸದೆ ನುಂಗಿದಳು. ಫಿಟ್ಸ್ ಕಡಿಮೆಯಾಯಿತು, ನಿಲ್ಲಲಿಲ್ಲ.

ಅದು ಬಳ್ಳಾರಿಯಲ್ಲಿ ಗಣಿಯ ಕಾಲ. ಸುಹಾನಾಳ ಅಣ್ಣ ಜಾವೇದ್ ಅದಿರಿನ ಟಿಪ್ಪರ್ ಓಡಿಸುತ್ತಿದ್ದ. ಮನೆಗೆ ಬಂದರೆ ರೆಪ್ಪೆಯ ಮೇಲೂ ಕೆಂಪು ಧೂಳು. ಉಳಿದ ಮೂವರು ಮನೆಯಲ್ಲೇ ಜೀನ್ಸ್ ಹೊಲಿಯುತ್ತಿದ್ದರು. ಬ್ರೂಸ್‌ಪೇಟೆಯ ಸಗಟು ಅಂಗಡಿಯಿಂದ ಕತ್ತರಿಸಿದ ಬಟ್ಟೆ ಗಂಟುಗಂಟಾಗಿ ಬರುತ್ತಿತ್ತು. ಇಮಾಮಸಾಬ್ ಕಾಲು ಜೋಡಿಸುತ್ತಿದ್ದ, ಖೈರುನ್ನೀಸಾ ಸೊಂಟದ ಪಟ್ಟಿ, ಸುಹಾನಾ ಹಿಂದಿನ ಜೇಬು.

ಒಮ್ಮೆ ಅಂಗಡಿಯವನು ಒಂದು ಗಂಟನ್ನು ವಾಪಸ್ ತಂದು ಹೊಸ್ತಿಲ ಮೇಲೆ ಎಸೆದ. "ಇಮಾಮಸಾಬ್, ಜೇಬಿನ ಬಾಯಿನೂ ಹೊಲಿದು ಕಳಿಸಿಯಲ್ಲೋ. ಗಿರಾಕಿ ಪರ್ಸು ಎಲ್ಲಿ ಇಡಬೇಕು, ತಲಿ ಮ್ಯಾಲ?"

ಖೈರುನ್ನೀಸಾ ಮಗಳನ್ನು ಬೈದಳು. "ಲಕ್ಷ್ಯ ಎಲ್ಲಿತ್ತಲೇ ನಿಂದು?"

"ಗೊತ್ತಿಲ್ಲ ಯವ್ವಾ. ನಾನ ಹೊಲಿದೆ ಅಂತ ನನಗ ನೆನಪಿಲ್ಲ."

ಖೈರುನ್ನೀಸಾ ಒಂದು ಸಂಗತಿ ನೋಡಿದ್ದಳು. ಕೆಲವೊಮ್ಮೆ ಹೊಲಿಯುತ್ತ ಹೊಲಿಯುತ್ತ ಸುಹಾನಾ ಗೋಡೆಯ ಕಡೆ ದಿಟ್ಟಿಸುತ್ತಿದ್ದಳು. ಏನೋ ಚೀಪುತ್ತಿರುವಂತೆ ತುಟಿ ಆಡುತ್ತಿತ್ತು. ಕೈ ಮಾತ್ರ ಬಟ್ಟೆಯನ್ನು ಮುಂದಕ್ಕೆ ತಳ್ಳುತ್ತಲೇ ಇರುತ್ತಿತ್ತು. ಕರೆದರೆ ಉತ್ತರವಿಲ್ಲ. ಹುಡುಗಿ ಬಾಯಲ್ಲಿ ಪೆಪ್ಪರ್‌ಮೆಂಟ್ ಇಟ್ಟುಕೊಂಡು ಸೊಕ್ಕು ಮಾಡುತ್ತಾಳೆ ಎಂದು ತಾಯಿ ತಿಳಿದಿದ್ದಳು.

ಪಕ್ಕದ ಮನೆ ಗಂಗಾಬಾಯಿಯದು. ಅವರು ಮಾಧ್ವರು, ಮಡಿಯ ಹೆಂಗಸು. ಮಗಳು ಸುಪ್ರಜಾ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಎರಡು ಮನೆಗೂ ಒಂದೇ ಗೋಡೆ. ಗಂಗಾಬಾಯಿಯ ಸೀರೆಗೆ ಫಾಲ್ ಹಚ್ಚುವವಳು ಖೈರುನ್ನೀಸಾ, ಖೈರುನ್ನೀಸಾಳ ಮನೆಯಲ್ಲಿ ಯಾರಿಗಾದರೂ ಕೆಮ್ಮು ಬಂದರೆ ಕಷಾಯ ಕಳಿಸುವವರು ಗಂಗಾಬಾಯಿ. ದಿನಕ್ಕೊಮ್ಮೆ ಜಗಳವಾಡದಿದ್ದರೆ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ.

ಒಂದು ಭಾನುವಾರ ಮುಂಜಾನೆ ಸುಹಾನಾ ಫಾಲ್ ಹಚ್ಚಿದ ಸೀರೆ ಕೊಡಲು ಹೋದವಳು ಗಂಗಾಬಾಯಿಯ ಕಟ್ಟೆಯ ಮುಂದೆಯೇ ಬಿದ್ದಳು. ಓಣಿ ಸೇರಿತು. ಬಾಗಿಲು ಮುಂದೆ ನೀರು ಹಾಕುತ್ತಿದ್ದ ಪಾರಮ್ಮ ಚಮಚ ಬಾಯಿಗೆ ತುರುಕಿರಿ ಎಂದಳು. ಯಾರೋ ಈರುಳ್ಳಿ ಎಂದರು. ಗಂಗಾಬಾಯಿ ಕಬ್ಬಿಣದ ಬೀಗದ ಕೈ ಗೊಂಚಲು ಹಿಡಿದು ಓಡಿ ಬಂದರು. "ಕೈಯಾಗ ಕಬ್ಬಿಣ ಹಿಡಸ್ರಿ, ಕೈಯಾಗ ಕಬ್ಬಿಣ!"

ಸುಪ್ರಜಾ ಒಳಗಿಂದ ಬಂದು ತಾಯಿಯ ಕೈಯಿಂದ ಗೊಂಚಲು ಕಸಿದುಕೊಂಡಳು. "ಊರ ತುಂಬ ಕಬ್ಬಿಣದ ಧೂಳು ಕುಡದ ಬದುಕ್ತೀವಿ. ಕಬ್ಬಿಣಕ್ಕ ಫಿಟ್ಸ್ ಹೋಗೋದಿದ್ರ ಬಳ್ಳಾರ್ಯಾಗ ಒಬ್ರಿಗೂ ಬರಬಾರದಿತ್ತು. ಸರೀರಿ ಎಲ್ಲಾರೂ, ಗಾಳಿ ಬಿಡ್ರಿ."

ಅವಳು ಸುಹಾನಾಳನ್ನು ಎಡ ಮಗ್ಗುಲಿಗೆ ಹೊರಳಿಸಿದಳು. ಜೊಲ್ಲು ಹೊರಗೆ ಹರಿಯಿತು. ತನ್ನ ದುಪಟ್ಟಾ ಮಡಚಿ ತಲೆಯ ಕೆಳಗಿಟ್ಟಳು. ಕುತ್ತಿಗೆಯ ಗುಂಡಿ ಸಡಿಲಿಸಿದಳು. ಬಾಯಿಗೆ ಏನನ್ನೂ ಹಾಕಲಿಲ್ಲ. ಕೈಕಾಲು ಒತ್ತಿ ಹಿಡಿಯಲಿಲ್ಲ. ಗಡಿಯಾರ ನೋಡುತ್ತ ಪಕ್ಕದಲ್ಲಿ ಕೂತಳು. ಸೆಳವು ತಾನಾಗಿ ನಿಂತಿತು.

"ಐದು ನಿಮಿಷ ದಾಟಿದ್ರ ಆಸ್ಪತ್ರಿಗೆ ಒಯ್ಯಬೇಕಿತ್ತು," ಎಂದಳು.

ಖೈರುನ್ನೀಸಾ ಕೇಳಿದಳು, "ಇದೆಲ್ಲಾ ನಿನಗ ಹೆಂಗ ಗೊತ್ತವ್ವಾ?"

ಸುಪ್ರಜಾ ತಾಯಿಯ ಮುಖ ನೋಡಿದಳು. ಗಂಗಾಬಾಯಿ ಬೇಡ ಎನ್ನುವಂತೆ ಕಣ್ಣು ಮಾಡಿದರು. ಸುಪ್ರಜಾ ಕೇಳಲಿಲ್ಲ. ಸುಹಾನಾಳನ್ನು ಒಳಗೆ ಮಲಗಿಸಿದ ಮೇಲೆ ಖೈರುನ್ನೀಸಾಳ ಮುಂದೆ ಕೂತು ಜಡೆ ಬಿಚ್ಚಿದಳು. ಕಿವಿಯ ಮುಂದಿನಿಂದ ನೆತ್ತಿಯವರೆಗೆ, ಕೂದಲ ಸಂದಿಯಲ್ಲಿ, ಬಾಗಿದ ಒಂದು ಹಳೆಯ ಗಾಯದ ಗೆರೆ.

"ನನಗೂ ಇದ ಇತ್ತು ಖೈರಮ್ಮ. ನಾಲ್ಕು ವರ್ಷದ ಹಿಂದ ಬೆಂಗಳೂರಾಗ ಆಪರೇಷನ್ ಆತು. ಆವಾಗಿಂದ ಒಮ್ಮೆನೂ ಬಂದಿಲ್ಲ."

ಖೈರುನ್ನೀಸಾಳಿಗೆ ಲೆಕ್ಕ ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. "ನಾಲ್ಕು ವರ್ಷದ ಹಿಂದ ನೀನು ತಲಿ ಬೋಳಿಸ್ಕೊಂಡು ಬಂದಿದ್ದಿ. ತಿರುಪತಿಗೆ ಮುಡಿ ಕೊಟ್ವಿ ಅಂದಿದ್ರಿ. ನನಗ ಲಡ್ಡು ಕೊಟ್ಟಿದ್ರಿ!"

ಗಂಗಾಬಾಯಿ ಸೆರಗು ಸರಿಮಾಡಿಕೊಂಡರು. "ಲಡ್ಡು ಬೆಂಗಳೂರಿಂದು. ಬಸ್‌ಸ್ಟ್ಯಾಂಡ್ ಹತ್ರ ತೊಗೊಂಡಿದ್ದು."

"ಹಂಗ ಯಾಕ ಮಾಡಿದ್ರಿ ಬಾಯಾರ?"

"ಲಗ್ನ ಆಗಬೇಕಾದ ಹುಡುಗಿ. ತಲಿ ಆಪರೇಷನ್ ಅಂದ್ರ ಯಾರು ಮಾಡ್ಕೋತಾರ?"

ಖೈರುನ್ನೀಸಾ ಎದ್ದು ನಿಂತಳು. ಅವಳ ಧ್ವನಿ ಏರಿತು. "ಅದ ವರ್ಷ ನನ್ನ ಮಗಳು ಫಿಟ್ಸ್ ಬಂದು ಬಿದ್ದು ಕೈ ಮುರ್ಕೊಂಡಿದ್ಲು. ನೀವು ನೋಡಾಕ ಬಂದಿದ್ರಿ. ಬಾಯಾಗ ಔಷಧದ ಹೆಸರು ಇಟ್ಕೊಂಡು ಬಾಯಿ ಮುಚ್ಕೊಂಡು ಕುಂತಿದ್ರಿ. ನಾಲ್ಕು ವರ್ಷ, ಒಂದ ಗ್ವಾಡಿ! ನನಗ ಲಡ್ಡು ತಿನ್ನಿಸಿದ್ರಿ."

ಎಷ್ಟೋ ವರ್ಷಗಳಲ್ಲಿ ಗಂಗಾಬಾಯಿ ಸೋತ ಮೊದಲ ಜಗಳ ಅದು. "ನೀನೂ ಹುಡುಗಿ ನೋಡಲಿಕ್ಕೆ ಬಂದ ಸಿರುಗುಪ್ಪದ ಸಂಬಂಧದವರಿಗೆ ಹೇಳಿದ್ಯೇನು, ಮಗಳಿಗೆ ಫಿಟ್ಸ್ ಅಂತ?" ಎಂದರು, ಮೆಲ್ಲಗೆ.

ಖೈರುನ್ನೀಸಾ ಹೇಳಿರಲಿಲ್ಲ. ತಲೆಸುತ್ತು ಎಂದಿದ್ದಳು.

ಆ ವಾರವೇ ಸುಪ್ರಜಾ ರಜೆ ಹಾಕಿ ಅವರನ್ನು ನರರೋಗದ ವೈದ್ಯರ ಬಳಿ ಕರೆದುಕೊಂಡು ಹೋದಳು. ಮಿದುಳಿನ ಸ್ಕ್ಯಾನ್ ಆಯಿತು. ವೈದ್ಯರು ಫಿಲ್ಮನ್ನು ಬೆಳಕಿಗೆ ಹಿಡಿದು ಕಿವಿಯ ನೇರಕ್ಕೆ, ಮಿದುಳಿನ ಒಳಭಾಗಕ್ಕೆ ಬೆರಳಿಟ್ಟರು.

"ಇಲ್ಲಿ ಒಂದು ಸಣ್ಣ ಕಲೆ ಅದ. ಸಣ್ಣಾಕಿದ್ದಾಗ ಬಂದ ಆ ದೊಡ್ಡ ಫಿಟ್ಸಿಂದ ಆಗಿರಬಹುದು. ಈಗ ಬರೋ ಫಿಟ್ಸ್ ಇಲ್ಲಿಂದ ಏಳ್ತಾವ ಅಂತ ಕಾಣ್ತದ. ಎರಡು ಸರಿಯಾದ ಗುಳಿಗಿ, ಸರಿಯಾಗಿ ತೊಗೊಂಡ್ರೂ ನಿಂತಿಲ್ಲ ಅಂದ್ರ, ಮೂರನೇದ್ದು ನಾಲ್ಕನೇದ್ದು ಅಂತ ವರ್ಷ ಕಳೀಬಾರದು. ಆಪರೇಷನ್ ಆಗ್ತದೋ ಇಲ್ಲೋ ಪರೀಕ್ಷೆ ಮಾಡಿಸ್ಬೇಕು. ಬೆಂಗಳೂರಿಗೆ ಬರದು ಕೊಡ್ತೀನಿ."

"ಮಿದುಳು ಕೊಯ್ದ್ರ ಹುಚ್ಚು ಹಿಡಿಯಂಗಿಲ್ರೀ?" ಎಂದ ಇಮಾಮಸಾಬ್.

"ನನಗ ಹಿಡದದೇನು ಕಾಕಾ?" ಎಂದಳು ಸುಪ್ರಜಾ.

"ನಿನಗ ಮೊದಲ ಸ್ವಲ್ಪ ಇತ್ತು," ಎಂದಳು ಖೈರುನ್ನೀಸಾ. ವೈದ್ಯರೂ ನಕ್ಕರು.

ನಕ್ಕು ಮುಗಿದ ಮೇಲೆ ವೈದ್ಯರು ಮುಚ್ಚುಮರೆ ಇಲ್ಲದೆ ಹೇಳಿದರು. ಇಂಥ ಕಲೆ ಇದ್ದವರಲ್ಲಿ ಆಪರೇಷನ್ ಆದ ಹತ್ತು ಮಂದಿಯಲ್ಲಿ ಆರೇಳು ಮಂದಿಗೆ ಫಿಟ್ಸ್ ನಿಲ್ಲುತ್ತದೆ. ಉಳಿದವರಲ್ಲಿ ಬಹಳ ಮಂದಿಗೆ ಕಡಿಮೆಯಾಗುತ್ತದೆ. ಅಪಾಯ ಇಲ್ಲವೆಂದಲ್ಲ. ನೆನಪು, ಮಾತು ಎರಡನ್ನೂ ಮೊದಲೇ ಪರೀಕ್ಷಿಸಿ, ತೆಗೆಯಬಹುದಾದಷ್ಟನ್ನೇ ತೆಗೆಯುತ್ತಾರೆ. ಆಮೇಲೆ ಸುಹಾನಾ ಜೇಬಿನ ಬಾಯಿ ಹೊಲಿದ ಕಥೆ ಕೇಳಿ ಅವರು ಗಂಭೀರವಾದರು. "ಅದೂ ಫಿಟ್ಸೇ. ಬೀಳೋದೊಂದೇ ಫಿಟ್ಸಲ್ಲ. ದಿಟ್ಟಿಸಿ ನೋಡೋದು, ತುಟಿ ಚೀಪೋದು, ಕೈ ಸುಮ್ಮನ ಆಡೋದು, ಆಮೇಲೆ ನೆನಪಿಲ್ಲದಿರೋದು, ಇದೂ ಅದೇ. ಮಷೀನು, ಬೆಂಕಿ, ಇಸ್ತ್ರಿ, ಯಾವುದಕ್ಕೂ ಈಕಿನ್ನ ಬಿಡಬ್ಯಾಡ್ರಿ."

ಹೊರಗೆ ಬಂದ ಮೇಲೆ ಖೈರುನ್ನೀಸಾ ಗೊಣಗಿದಳು, "ನಿಂತಕೊಂಡು ಯಾರಿಗರ ಫಿಟ್ಸ್ ಬರ್ತೈತೇನು?"

ಬೆಂಗಳೂರಿಗೆ ಹೊರಡುವುದೆಂದು ಆಯಿತು. ಚೀಲಕ್ಕೆ ಬಟ್ಟೆಯೂ ತುಂಬಿದರು. ಆಗ ಜಾವೇದ್ ಬಂದು ತಡೆದ. ಅವನಿಗೆ ತಂಗಿಯೆಂದರೆ ಪ್ರಾಣ. ಅವಳ ತಲೆಬುರುಡೆ ತೆರೆಯುತ್ತಾರೆ ಎಂಬ ಮಾತೇ ಅವನಿಗೆ ಆಗುತ್ತಿರಲಿಲ್ಲ.

"ನಮ್ಮ ಮಾಲೀಕರ ಅಳಿಯ ಅಮೆರಿಕದಾಗ ಡಾಕ್ಟ್ರು. ಊರಿಗೆ ಬಂದಾರ. ನಾನು ಕೇಳಿದೆ. ಅಲ್ಲಿ ಈಗ ಹೊಸಾದು ಶುರು ಮಾಡ್ಯಾರಂತ. ತಲಿ ತೆರಿಯಂಗಿಲ್ಲ. ಒಂದು ಸಣ್ಣ ತೂತು, ಅದರಾಗ ಒಂದು ತೆಳ್ಳನ ಎಳಿ, ಅದರ ತುದೀಗೆ ಲೇಸರ್. ಸ್ಕ್ಯಾನಿನಾಗ ನೋಡ್ಕೋತ ಆ ಕಲಿ ಅಷ್ಟನ್ನ ಬಿಸಿ ಮಾಡಿ ಸಾಯಿಸ್ತಾರ. ಒಂದೆರಡು ಹೊಲಿಗಿ. ಒಂದೆರಡು ದಿನಕ್ಕ ಮನಿಗೆ."

"ನಮ್ಮ ದೇಶದಾಗ?" ಎಂದಳು ಸುಪ್ರಜಾ.

"ಇನ್ನಾ ಬಂದಿಲ್ಲ. ಬರ್ತೈತಿ ತಗೋ. ಬಳ್ಳಾರಿಗೆ ಈಗ ಏನು ಬಂದಿಲ್ಲ? ಹೆಲಿಕಾಪ್ಟರ್ ಬಂದು ಇಳಿತೈತಿ. ಲೇಸರ್ ಬರಂಗಿಲ್ಲೇನು?"

"ಜಾವೇದ್, ನೀ ಹೇಳೋದು ಸುಳ್ಳಲ್ಲ. ಬರ್ತದ. ಆದ್ರ ಯಾವ ವರ್ಷ ಬರ್ತದ ಅಂತ ನಿಮ್ಮ ಮಾಲೀಕರ ಅಳಿಯಗೂ ಗೊತ್ತಿಲ್ಲ. ಇರೋ ಆಪರೇಷನ್ ಇವತ್ತು ಅದ. ಅದರಿಂದ ಆರಾಮಾದಾಕಿ ನಿನ್ನ ಮುಂದ ಕುಂತೀನಿ."

"ನಿನ್ನ ತಲಿ ಮ್ಯಾಲಿನ ಗೆರಿ ನೋಡಿದ್ರ ನನಗ ಹೆದರಿಕಿ ಆಗ್ತೈತಿ ಅಕ್ಕಾ."

ಮಧ್ಯದಲ್ಲಿ ಕೂತಿದ್ದ ಸುಹಾನಾ, "ತಲಿ ನಂದು," ಎಂದಳು. ಯಾರೂ ಅವಳ ಕಡೆ ನೋಡಲಿಲ್ಲ.

ಎಲ್ಲರೂ ಖೈರುನ್ನೀಸಾಳ ಮುಖ ನೋಡಿದರು. ಅವಳಿಗೆ ಲೇಸರ್ ಎಂದರೆ ಏನೆಂದು ಗೊತ್ತಿರಲಿಲ್ಲ. ಕಾಯುವುದು ಎಂದರೆ ಗೊತ್ತಿತ್ತು. ಕಾದರೆ ಇವತ್ತು ಮಗಳನ್ನು ಆಪರೇಷನ್ ಕೋಣೆಗೆ ಕಳಿಸಬೇಕಾಗಿಲ್ಲ. "ಕಾಯೋಣ," ಎಂದಳು. ಚೀಲದಿಂದ ಬಟ್ಟೆ ತೆಗೆದು ಮತ್ತೆ ಪೆಟ್ಟಿಗೆಯಲ್ಲಿಟ್ಟಳು.

ಏಳು ತಿಂಗಳು ಕಳೆಯಿತು. ಲೇಸರ್ ಬರಲಿಲ್ಲ. ಅಷ್ಟರಲ್ಲಿ ಗಣಿಗಳೇ ನಿಂತುಹೋದವು. ಜಾವೇದನ ಟಿಪ್ಪರ್ ಬೇರೆ ಟಿಪ್ಪರುಗಳ ಸಾಲಿನಲ್ಲಿ ರಸ್ತೆ ಬದಿ ನಿಂತಿತು. ಸುಹಾನಾ ಒಂದು ತಿಂಗಳಿಂದ ಬಿದ್ದಿರಲಿಲ್ಲ. ಮನೆಯವರ ಕಾವಲು ಸಡಿಲವಾಯಿತು.

ಕುರುಗೋಡಿನಲ್ಲಿ ಇಮಾಮಸಾಬನ ತಂಗಿಯ ಮಗಳ ಮದುವೆ. ಬೆಳಿಗ್ಗೆ ಎಲ್ಲರೂ ಹೊರಡುವ ಗಡಿಬಿಡಿಯಲ್ಲಿದ್ದರು. ಯಾವ ಸೀರೆ ಎಂಬುದಕ್ಕೆ ತಾಯಿ ಮಗಳಿಗೆ ಮಾತಿಗೆ ಮಾತು ಬೆಳೆದಿತ್ತು. ಸುಹಾನಾ ಮುಖ ಊದಿಸಿಕೊಂಡು, ತನ್ನ ಬಟ್ಟೆಗೆ ತಾನೇ ಇಸ್ತ್ರಿ ಮಾಡಿಕೊಳ್ಳುತ್ತೇನೆ ಎಂದು ಮೇಜಿನ ಮುಂದೆ ನಿಂತಳು. ಖೈರುನ್ನೀಸಾ ಅದೇ ಕೋಣೆಯಲ್ಲಿ, ನಾಲ್ಕು ಮೊಳ ದೂರದಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದಳು.

"ಆ ಹಸಿರು ಚಂದ ಕಾಣಂಗಿಲ್ಲ ಅಂದೆ, ಅಷ್ಟ. ಅದಕ್ಯಾಕ ಅಷ್ಟು ಸಿಟ್ಟು?"

ಉತ್ತರವಿಲ್ಲ.

"ಉಟ್ಕೋ ಬಿಡು, ಅದನ್ನ ಉಟ್ಕೋ. ನಿನ್ನ ಸೋದರತ್ತಿ ನನಗ ಅಂತಾಳ, ಅನ್ಲಿ."

ಉತ್ತರವಿಲ್ಲ. ಬಚ್ಚಲಿನಲ್ಲಿ ಇಷ್ಟು ಹೊತ್ತು ಹ್ಞೂಂ ಬರದಿದ್ದರೆ ಖೈರುನ್ನೀಸಾ ಬಾಗಿಲು ತಳ್ಳಿ ನುಗ್ಗುತ್ತಿದ್ದಳು. ಆದರೆ ಮಗಳು ಕಣ್ಣೆದುರಿಗೆ, ಎರಡು ಕಾಲ ಮೇಲೆ, ನೆಟ್ಟಗೆ ನಿಂತಿದ್ದಳು. ಸಿಟ್ಟಿಗೆ ಮಾತು ಬಿಟ್ಟಿದ್ದಾಳೆ ಎಂದುಕೊಂಡಳು. ಇನ್ನೊಂದು ಹೂವು ಕಟ್ಟಿದಳು.

ಸುಟ್ಟ ವಾಸನೆ ಬಂತು. ಬಟ್ಟೆಯ ವಾಸನೆಯಲ್ಲ.

ಸುಹಾನಾ ಗೋಡೆಯನ್ನು ದಿಟ್ಟಿಸುತ್ತಿದ್ದಳು. ತುಟಿ ಚೀಪುತ್ತಿತ್ತು. ಎಡಗೈ ಬಟ್ಟೆಯನ್ನು ಒತ್ತಿ ಹಿಡಿದಿತ್ತು. ಬಲಗೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆ ಎಡಗೈಯ ಬೆರಳುಗಳ ಮೇಲೆ ನಿಂತಿತ್ತು.

ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಕಟ್ಟಿದ ಮೇಲೆ ಜಾವೇದ್ ಹೊರಗಿನ ಬೆಂಚಿನ ಮೇಲೆ ಮುಖ ಮುಚ್ಚಿಕೊಂಡು ಅತ್ತ. "ನನ್ನಿಂದಾತು ಯವ್ವಾ."

"ಕಾಯಾಕ ನಾನು ಹ್ಞೂಂ ಅಂದಿದ್ದಕ್ಕ ಆತು," ಎಂದಳು ಖೈರುನ್ನೀಸಾ. "ಅಳೋದು ಆಮೇಲ. ಟಿಕೀಟು ಮಾಡಿಸು."

ಈ ಸಲ ಚೀಲ ಕಟ್ಟಿದವರು ಗಂಗಾಬಾಯಿ. ಅವಲಕ್ಕಿ, ಉಪ್ಪಿನಕಾಯಿ, ಒಂದು ಹಳೆಯ ಮೆತ್ತನೆಯ ಹತ್ತಿ ಸೀರೆ. ಬೆಂಗಳೂರಿನಲ್ಲಿ ಸುಹಾನಾಳ ತಲೆಗೆ ತಂತಿಗಳನ್ನು ಅಂಟಿಸಿ, ಕ್ಯಾಮೆರಾ ಇರುವ ಕೋಣೆಯಲ್ಲಿ ಕೆಲವು ದಿನ ಇಟ್ಟರು. ಫಿಟ್ಸ್ ಮಿದುಳಿನ ಯಾವ ಮೂಲೆಯಿಂದ ಏಳುತ್ತದೆ ಎಂದು ಹಿಡಿಯಲು. ಅಲ್ಲಿ ಕೂತು ಮಗಳ ಮುಖವನ್ನೇ ನೋಡುವಾಗ ಖೈರುನ್ನೀಸಾಳಿಗೆ ಗೊತ್ತಾಯಿತು: ನಿಂತುಕೊಂಡೂ ಫಿಟ್ಸ್ ಬರುತ್ತದೆ, ಕೂತುಕೊಂಡೂ ಬರುತ್ತದೆ. ವರ್ಷಗಟ್ಟಲೆ ತಾನು ಅದಕ್ಕೆ ಸೊಕ್ಕು ಎಂದು ಹೆಸರಿಟ್ಟಿದ್ದಳು.

ಆಪರೇಷನ್ನಿನ ಹಿಂದಿನ ದಿನ ಕೂದಲು ತೆಗೆದರು. ಸುಹಾನಾ ಕನ್ನಡಿ ನೋಡಿಕೊಂಡಳು. "ಯವ್ವಾ, ಹೋಗೋ ಮುಂದ ಲಡ್ಡು ತೊಗೊಳ್ಳೋದು ಮರಿಬ್ಯಾಡ," ಎಂದಳು. ಖೈರುನ್ನೀಸಾ ನಗುತ್ತಲೇ ಅತ್ತಳು.

ಆಪರೇಷನ್ ಚೆನ್ನಾಗಿ ಆಯಿತು. ಎಚ್ಚರವಾದಾಗ ಸುಹಾನಾ ಮೊದಲು ಕೇಳಿದ್ದು ನೀರು, ಎರಡನೆಯದು ಕುರುಗೋಡಿನ ಮದುವೆಗೆ ತಾಯಿ ತನಗೆ ಉಡು ಎಂದಿದ್ದ ಸೀರೆಯನ್ನು ಯಾರು ಉಟ್ಟರು ಎಂದು. ನೆನಪು ಸರಿಯಾಗಿದೆ ಎಂದು ತಾಯಿಗೆ ಅಷ್ಟರಲ್ಲೇ ಗೊತ್ತಾಯಿತು.

ಊರಿಗೆ ಬಂದಾಗ ಓಣಿಯ ಪಾರಮ್ಮ ಸುಹಾನಾಳ ತಲೆ ನೋಡಿ, "ಎಲ್ಲಿಗೆ ಹೋಗಿದ್ರವ್ವಾ, ದರ್ಗಾಕ್ಕ?" ಎಂದಳು.

ಖೈರುನ್ನೀಸಾ ಓಣಿಗೆಲ್ಲ ಕೇಳುವಂತೆ ಹೇಳಿದಳು. "ಬೆಂಗಳೂರಿಗೆ. ಮಗಳಿಗೆ ಫಿಟ್ಸ್ ಇತ್ತು. ತಲಿ ಆಪರೇಷನ್ ಮಾಡಿಸಿವಿ. ನಿಮ್ಮ ಮನ್ಯಾಗ ಯಾರಿಗರ ಇದ್ರ ನನ್ನ ಹತ್ರ ಬರ್ರಿ, ಬಾಯಾರ ಹತ್ರನೂ ಹೋಗ್ರಿ. ಅವರ ಮಗಳಿಗೂ ಆಗೈತಿ."

ಗಂಗಾಬಾಯಿ ಕಿಟಕಿಯಲ್ಲಿ ನಿಂತಿದ್ದರು. ಒಳಗೆ ಹೋಗಲಿಲ್ಲ. "ಹೌದು," ಎಂದರು. "ಸುಪ್ರಜಾಗೂ ಆಗ್ಯದ."

ಮರುವಾರ ಪಾರಮ್ಮ ತನ್ನ ಮೊಮ್ಮಗನನ್ನು ಕರೆದುಕೊಂಡು ಬಂದಳು. ಅವನಿಗೆ ಆಪರೇಷನ್ ಬೇಕಾಗಲೇ ಇಲ್ಲ. ಒಂದೇ ಗುಳಿಗೆಯಲ್ಲಿ ಫಿಟ್ಸ್ ನಿಂತಿತು. ಬಹಳ ಮಂದಿಗೆ ಹಾಗೆಯೇ ನಿಲ್ಲುತ್ತದೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಒಬ್ಬರು ಇರಬಹುದು. ಬೀಳುವವರು ಇರಬಹುದು, ಬೀಳದೆ ಸುಮ್ಮನೆ ದಿಟ್ಟಿಸುವವರೂ ಇರಬಹುದು. ವೈದ್ಯರಿಗೆ ತೋರಿಸಿ. ಫಿಟ್ಸ್ ಬಂದಾಗ ಮಗ್ಗುಲಿಗೆ ಹೊರಳಿಸಿ. ಬಾಯಿಗೆ ಏನೂ ಹಾಕಬೇಡಿ, ಕೈಗೆ ಕಬ್ಬಿಣ ಕೊಡಬೇಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಿರಿ. ಮದುವೆ ಇರಲಿ, ಉಪವಾಸ ಇರಲಿ, ವೈದ್ಯರನ್ನು ಕೇಳದೆ ಒಂದು ಹೊತ್ತಿನ ಗುಳಿಗೆಯನ್ನೂ ಬಿಡಬೇಡಿ. ಎರಡು ಬಗೆಯ ಗುಳಿಗೆ ಸರಿಯಾಗಿ ತೆಗೆದುಕೊಂಡರೂ ನಿಲ್ಲದಿದ್ದರೆ, ಆಪರೇಷನ್ ಆಗುತ್ತದೆಯೇ ಎಂದು ನೀವೇ ಬಾಯಿಬಿಟ್ಟು ಕೇಳಿ.

ಜಾವೇದ್ ಹೇಳಿದ ಲೇಸರ್ ಈಗ ನಮ್ಮ ದೇಶದ ಕೆಲವು ಆಸ್ಪತ್ರೆಗಳಲ್ಲಿ ಇದೆ. ಸಣ್ಣ ತೂತು, ಕಡಿಮೆ ನೋವು, ಬೇಗ ಮನೆಗೆ. ನಿಮಗೆ ಅದು ಹೊಂದುತ್ತದೆಯೇ ಎಂದು ಕೇಳಿ. ಎಲ್ಲರಿಗೂ ಹೊಂದುವುದಿಲ್ಲ, ಎಲ್ಲ ಕಡೆಯೂ ಸಿಗುವುದಿಲ್ಲ. ಸಿಗದಿದ್ದರೆ ಅದಕ್ಕಾಗಿ ಕಾಯುತ್ತ ಕೂರಬೇಡಿ. ಇವತ್ತು ಸಿಗುವ ಚಿಕಿತ್ಸೆಯನ್ನು ಇವತ್ತೇ ಮಾಡಿಸಿ. ಆರಾಮಾದ ಮೇಲೆ ಪಕ್ಕದ ಮನೆಯವರಿಗೆ ಹೇಳಿ.

ಸುಹಾನಾಳಿಗೆ ಆಪರೇಷನ್ ಆದಮೇಲೆ ಫಿಟ್ಸ್ ಬಂದಿಲ್ಲ. ಪಕ್ಕದ ಮನೆ ಮುಚ್ಚಿಟ್ಟದ್ದರಿಂದ ಅವಳಿಗೆ ಹೋದದ್ದು ನಾಲ್ಕು ವರ್ಷ. ತನ್ನ ಮನೆ ಕಾದದ್ದರಿಂದ ಹೋದದ್ದು ಏಳು ತಿಂಗಳು, ಎಡಗೈಯ ಎರಡು ಬೆರಳು.